ಖಿನ್ನತೆಯ ಮಾತ್ರೆ ಬಿಡುತ್ತಿದ್ದೀರಾ? ಕೊನೆಯ ತುಣುಕಿಗೆ ಜಾಸ್ತಿ ಸಮಯ ಕೊಡಿ

'ಈಗ ಆರಾಮಾಗಿದ್ದೀನಲ್ಲ, ಇನ್ನೂ ಮಾತ್ರೆ ಯಾಕೆ?' ಅಂತ ಅನ್ನಿಸುವುದು ಸಹಜ. ಆ ಆರಾಮು ಮಾತ್ರೆಯದ್ದೂ ಇರಬಹುದು ಅಲ್ವಾ? ಮೊದಲ ಸಲ ಖಿನ್ನತೆ ಬಂದವರೂ ಚೇತರಿಸಿಕೊಂಡ ಮೇಲೆ ಕನಿಷ್ಠ 6 ತಿಂಗಳು ಮುಂದುವರಿಸಿ ಎನ್ನುತ್ತಾರೆ ವೈದ್ಯರು. ಮತ್ತೆ ಮತ್ತೆ ಬಂದವರಿಗೆ ಇನ್ನೂ ಹೆಚ್ಚು ಕಾಲ ಬೇಕು.

ಮೊದಲು ಸ್ಟ್ರಿಪ್ ತಿರುಗಿಸಿ, ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು ಓದಿ. ಫ್ಲುಯೊಕ್ಸೆಟಿನ್ ಮೈಯಿಂದ ಪೂರ್ತಿ ಹೋಗಲು ವಾರಗಳೇ ಬೇಕು. ಹಾಗಾಗಿ ಅದನ್ನು ಬಿಡುವುದು ಸ್ವಲ್ಪ ಸಲೀಸು. ವೆನ್ಲಾಫ್ಯಾಕ್ಸಿನ್, ಪ್ಯಾರೊಕ್ಸೆಟಿನ್ ಬೇಗ ಇಳಿದುಹೋಗುತ್ತವೆ, ಒಂದು ಡೋಸ್ ತಪ್ಪಿದರೂ ಕೆಲವರಿಗೆ ತಲೆ ಸುತ್ತುತ್ತದೆ. ಖಿನ್ನತೆಯದ್ದೇ ಇನ್ನೊಂದು ಔಷಧ ಎಸಿಟಾಲೊಪ್ರಾಮ್ ಪಕ್ಕದಲ್ಲಿ ಕ್ಲೋನಜೆಪಾಮ್ (ಆತಂಕ ತಗ್ಗಿಸುವ ಔಷಧ) ಅಂತಲೂ ಇದೆಯಾ ನೋಡಿ. ಎರಡನ್ನೂ ಒಂದೇ ಮಾತ್ರೆಯಲ್ಲಿ ಕೊಡುವುದು ನಮ್ಮಲ್ಲಿ ಮಾಮೂಲು. ಕ್ಲೋನಜೆಪಾಮ್ ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು.

ಈ ಸ್ಟ್ರಿಪ್ ಹಿಡಿದುಕೊಂಡೇ ವೈದ್ಯರ ಹತ್ತಿರ ಹೋಗಿ. ಮನೆಯಲ್ಲಿ ಮದುವೆ, ಮಕ್ಕಳ ಪರೀಕ್ಷೆ ಇರುವ ತಿಂಗಳು ಮಾತ್ರೆ ಇಳಿಸಲು ಶುರು ಮಾಡುವುದು ಬೇಡ.

ಎಡವುವುದು ಸಾಮಾನ್ಯವಾಗಿ ಕೊನೆಯಲ್ಲಿ. ಎಸಿಟಾಲೊಪ್ರಾಮ್‌ನ್ನೇ ತೆಗೆದುಕೊಳ್ಳಿ, 20 ಮಿಲಿಗ್ರಾಂನಿಂದ 10ಕ್ಕೆ ಇಳಿದದ್ದು ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. 5ರಿಂದ ಸೊನ್ನೆಗೆ ಇಳಿದಾಗ ಪೇಚಾಟ ಶುರು. ಸಣ್ಣ ಡೋಸ್ ಕೂಡ ಮಿದುಳಿನಲ್ಲಿ ದೊಡ್ಡ ಕೆಲಸ ಮಾಡುತ್ತಿರುತ್ತದೆ, ಅದಕ್ಕೇ. ಒಂದೊಂದು ಮೆಟ್ಟಿಲಲ್ಲೂ ಕೆಲವು ವಾರ ನಿಂತು, ಕೆಳಗೆ ಹೋದಂತೆ ಮೆಟ್ಟಿಲನ್ನು ಚಿಕ್ಕದು ಮಾಡಿ. 5 ಆದಮೇಲೆ ಎರಡೂವರೆ, ಆಮೇಲೆ ಅದರಲ್ಲೂ ಅರ್ಧ. ಮಾತ್ರೆ ಕತ್ತರಿಸುವ ಪುಟ್ಟ ಡಬ್ಬಿ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಆದರೆ ನಿಧಾನವಾಗಿ ಕರಗುವ ಮಾತ್ರೆ, ಕ್ಯಾಪ್ಸೂಲುಗಳನ್ನು ಕತ್ತರಿಸುವುದು, ಪುಡಿ ಮಾಡುವುದು ಬೇಡ. 'ದಿನ ಬಿಟ್ಟು ದಿನ' ಉಪಾಯವೂ ಬೇಡ, ಔಷಧದ ಮಟ್ಟ ಸುಮ್ನೆ ಏರಿಳಿಯುತ್ತದೆ.

ಇಳಿಸಿದ ಕೆಲವು ದಿನಗಳಲ್ಲೇ ತಲೆಸುತ್ತು, ವಾಕರಿಕೆ, ಸಿಡುಕು, ವಿಚಿತ್ರ ಕನಸು ಬರಬಹುದು. ಕಣ್ಣು ಹೊರಳಿಸಿದಾಗ ತಲೆಯೊಳಗೆ ಕರೆಂಟ್ ಹೊಡೆದಂತಾಗುವುದು ಮಾತ್ರೆ ಇಳಿಸಿದ್ದರದ್ದೇ ಗುರುತು. ಹೆದರಿಸುತ್ತದೆ ನಿಜ, ಆದರೆ ಸಾಮಾನ್ಯವಾಗಿ ಅಪಾಯವಲ್ಲ. ಖಿನ್ನತೆ ಮರಳುವುದಾದರೆ ಹೆಚ್ಚಾಗಿ ವಾರಗಳು, ತಿಂಗಳುಗಳ ನಂತರ ನಿಧಾನವಾಗಿ ಬರುತ್ತದೆ, ಕರೆಂಟ್ ಹೊಡೆಯುವುದಿಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲೇ ಡೋಸ್ ಮತ್ತು ತೊಂದರೆ ಗುರುತು ಹಾಕಿ, ವ್ಯತ್ಯಾಸ ತಿಳಿಯುತ್ತದೆ. ತಲೆ ಸುತ್ತುವ ದಿನ ಸ್ಕೂಟರ್ ತೆಗೆಯಬೇಡಿ.

ತಡೆಯಲು ಆಗದಿದ್ದರೆ ವೈದ್ಯರಿಗೆ ಫೋನ್ ಮಾಡಿ, ಹಿಂದಿನ ಡೋಸಿಗೆ ಮರಳಬಹುದು. ಅದು ಸೋಲಲ್ಲ. ಸಾಯಬೇಕು ಅನ್ನಿಸಿದರೆ ಮಾತ್ರ ಕಾಯಬೇಡಿ. ಮನೆಯವರಿಗೆ ಹೇಳಿ, ಆಸ್ಪತ್ರೆಗೆ ಹೋಗಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.