ಎರಡು ಸಣ್ಣ ಟ್ಯಾಂಕ್ ಜೋಡಿಸಿ ಸ್ಟ್ಯಾಂಡಿನಡಿ ಸಂಪ್

ಮೀನಿನ ಟ್ಯಾಂಕಿನ ಸ್ಟ್ಯಾಂಡಿನ ನಡುಗಾಲು ಅಡ್ಡ ಬಂದು ಉದ್ದದ ಸಂಪ್ (ಮೇಲಿನ ಟ್ಯಾಂಕಿನ ನೀರು ಇಳಿದು ಬಂದು, ಪಂಪಿನಿಂದ ಮತ್ತೆ ಮೇಲೇರುವ ಕೆಳಗಿನ ಟ್ಯಾಂಕ್) ಒಳಗೆ ಹೋಗದಿದ್ದರೆ 45×30×30 ಸೆಂ.ಮೀ.ನ ಎರಡು ಟ್ಯಾಂಕ್ ಸಾಕು. ಎರಡೂ ಒಂದೇ ಮಟ್ಟದಲ್ಲಿ, ಒಂದೇ ಹಲಗೆಯ ಮೇಲಿರಲಿ. ಎರಡನ್ನೂ ಪೈಪಿನಿಂದ ಜೋಡಿಸಲು ಗಾಜಿಗೆ ತೂತು ಕೊರೆಯಬೇಕು.

ಟಫನ್ಡ್ (ಕಾಯಿಸಿ ಗಟ್ಟಿಮಾಡಿದ) ಗಾಜಿಗೆ ಡ್ರಿಲ್ ತಾಗಿಸಲೇಬೇಡಿ, ಪುಡಿಪುಡಿಯಾಗುತ್ತದೆ. ಸಾದಾ ಗಾಜಿಗೆ ಡೈಮಂಡ್ ಬಿಟ್ ಹಾಕಿ, ನೀರು ಹನಿಸುತ್ತಾ, ಒತ್ತಡ ಹೇರದೆ ನಿಧಾನವಾಗಿ ಕೊರೆಯಿರಿ. ಬಲ್ಕ್‌ಹೆಡ್ (ಗಾಜಿನ ತೂತಿನಲ್ಲಿ ಕೂರಿಸಿ ಪೈಪ್ ಜೋಡಿಸುವ, ನಟ್ಟಿರುವ ಫಿಟ್ಟಿಂಗ್) ಕೈಗೆ ಬಂದ ಮೇಲೆಯೇ ಅಳತೆ ತೆಗೆದು ಬಿಟ್ ಕೊಳ್ಳಿ. ರಬ್ಬರ್ ವಾಷರ್ ಅದರ ಚಾಚುಪಟ್ಟಿಯ (ಅಗಲವಾದ ಅಂಚಿನ) ಕಡೆಗೆ ಬರಬೇಕು; ನಟ್ಟು ಕೈಯಲ್ಲಿ ಬಿಗಿಮಾಡಿ, ಮೇಲೆ ಕಾಲು ಸುತ್ತು, ಅಷ್ಟೇ.

ಎರಡು ಟ್ಯಾಂಕಿನ ನಡುವೆ ಗಟ್ಟಿ ಪಿವಿಸಿ ಪೈಪ್ ಬೇಡ. ಟ್ಯಾಂಕ್ ಸ್ವಲ್ಪ ಅಲುಗಿದರೂ ಗಾಜು ಸೀಳುತ್ತದೆ. ಬಾಗುವ ಹೋಸ್, ಸ್ಟೀಲ್ ಕ್ಲಿಪ್ ಹಾಕಿ.

ಗಂಟೆಗೆ 2000 ಲೀಟರ್ ಪಂಪಿಗೆ 40 ಮಿ.ಮೀ.ನ ಒಂದೇ ಪೈಪ್ ಇದ್ದರೆ ಪಂಪಿರುವ ಟ್ಯಾಂಕಿನ ನೀರು ಇನ್ನೊಂದಕ್ಕಿಂತ ಸುಮಾರು 3 ಸೆಂ.ಮೀ. ಕೆಳಗೆ ನಿಲ್ಲುತ್ತದೆ; ಕಸ ಕಟ್ಟಿದರೆ ಪಂಪ್ ಒಣಗಿ ಓಡುತ್ತದೆ. ಎರಡು ಪೈಪ್ ಹಾಕುವುದೇ ಸರಿ, ಬಾಯಿಗೆ ಜಾಲರಿಯೂ ಇರಲಿ.

ಕರೆಂಟು ಹೋದಾಗ 90×45 ಸೆಂ.ಮೀ.ನ ಮೇಲಿನ ಟ್ಯಾಂಕಿನಿಂದ 2 ಸೆಂ.ಮೀ. ಇಳಿದರೂ 8 ಲೀಟರ್ ಕೆಳಗೆ ಬಂದು ಸಂಪ್ 3 ಸೆಂ.ಮೀ. ಏರುತ್ತದೆ. ಪೈಪಿನಲ್ಲಿರುವ ನೀರು ಬೇರೆ. ಮೀನು ಬಿಡುವ ಮೊದಲು ಪ್ಲಗ್ ಕಿತ್ತು ನೋಡಿ, ಏರಿದ ಮಟ್ಟಕ್ಕೆ ಗುರುತು ಹಾಕಿ.