ಅಪ್ಪನ ಪದ್ಮಿನಿಗೆ ಗೇರ್‌ಬಾಕ್ಸ್ ಸಿಕ್ಕಿತು

ಅಪ್ಪನ ಪ್ರೀಮಿಯರ್ ಪದ್ಮಿನಿಯಲ್ಲಿ ಮೂರನೇ ಗೇರ್ ನಿಲ್ಲುತ್ತಲೇ ಇರಲಿಲ್ಲ, ತಾನಾಗಿ ನ್ಯೂಟ್ರಲ್‌ಗೆ ಜಾರುತ್ತಿತ್ತು. ಒಳಗೆ ಹಲ್ಲು ಸವೆದಿತ್ತು.

ಈ ಕಾರು ತಯಾರಾಗಿದ್ದೇ ಮುಂಬೈಯ ಕುರ್ಲಾದಲ್ಲಿ, ಅಲ್ವಾ? ಅಲ್ಲಿನ ಗುಜರಿ ಸಾಲಿನಲ್ಲಿ ಮೂರು ಭಾನುವಾರ ಅಲೆದೆ. ಸಿಗಲಿಲ್ಲ. ದಾರಿ ತೋರಿಸಿದ್ದು ಮಾಟುಂಗಾದಲ್ಲಿರುವ ನಮ್ಮೂರಿನ ಹಳೇ ಟ್ಯಾಕ್ಸಿ ಡ್ರೈವರ್. 2023ರಲ್ಲಿ ಪದ್ಮಿನಿ ಟ್ಯಾಕ್ಸಿಗಳು ಮುಂಬೈ ರಸ್ತೆಯಿಂದ ಹೋದವು. ಆದರೆ ಅವುಗಳ ಸಾಮಾನು ಟ್ಯಾಕ್ಸಿ ಗ್ಯಾರೇಜುಗಳ ಮೂಲೆಯಲ್ಲಿ ಇನ್ನೂ ಇದೆ.

ಸುಮ್ನೆ ದುಡ್ಡು ಕೊಡಬೇಡಿ. ಅಂಥ ಗ್ಯಾರೇಜಿನಲ್ಲಿ ಸಿಕ್ಕ ಗೇರ್‌ಬಾಕ್ಸಿನ ಆಯಿಲನ್ನು ನಾನು ಮೊದಲು ಇಳಿಸಿ, ಬೆರಳಲ್ಲಿ ಉಜ್ಜಿ ನೋಡಿದೆ. ನುಣ್ಣನೆ ಹಿತ್ತಾಳೆ ಪುಡಿ ಸ್ವಲ್ಪ ಇತ್ತು, ಉಕ್ಕಿನ ಚೂರು ಇರಲಿಲ್ಲ. ಶಾಫ್ಟ್ ಕೈಯಲ್ಲಿ ತಿರುಗಿಸುತ್ತಾ ನಾಲ್ಕೂ ಗೇರ್ ಹಾಕಿ ನೋಡಿದೆ. ನಮ್ಮದು ಸ್ಟೇರಿಂಗ್ ಪಕ್ಕದ ಲಿವರ್, ಅದಕ್ಕೆ ಹೊಂದುವ ಲಿಂಕೇಜನ್ನೂ (ಲಿವರನ್ನು ಗೇರ್‌ಬಾಕ್ಸಿಗೆ ಜೋಡಿಸುವ ಸರಳುಗಳು) ಕೇಳಿ ತಂದೆ.

ಬಿಚ್ಚಿದಾಗಲೇ ಕ್ಲಚ್ ಪ್ಲೇಟೂ ಹೊಸದು ಹಾಕಿಸಿದೆ. ನಿನ್ನೆ ಅಪ್ಪ ಸಯನ್ ಫ್ಲೈಓವರನ್ನು ಮೂರನೇ ಗೇರಿನಲ್ಲೇ ಹತ್ತಿಸಿದರು.