ಮಳೆ ಅಳೆದು ಗೋಡೆಗೆ ಬಳಿಯುವುದು ಹೇಗೆ?

ಕೊಡಗಿನ ಮಕ್ಕಳಿಗೆ ಮಳೆ ಎಷ್ಟು ಬಂತೆಂದು ಗೊತ್ತಾಗುವುದು ರಜೆಯಿಂದ. ಜುಲೈ ಬಂದರೆ ಸಾಕು, ರಾತ್ರಿಯೇ ವಾಟ್ಸ್ಆ್ಯಪ್ ತೆರೆದು ಜಿಲ್ಲಾಧಿಕಾರಿಗಳ ಆದೇಶಕ್ಕೆ ಕಾಯುತ್ತಾರೆ. ಅಜ್ಜಂದಿರಿಗೆ ಗೊತ್ತಾಗುವುದು ಇಂಚಿನಿಂದ. ಬೆಳಿಗ್ಗೆ ಅಂಗಳದ ರೇನ್ ಗೇಜ್ ನೋಡಿ ಬಂದು ‘ಎರಡು ಇಂಚು ನಲವತ್ತು ಸೆಂಟ್’ ಎಂದು ಡೈರಿಯಲ್ಲಿ ಗೀಚಿದ ಮೇಲೆಯೇ ಅವರಿಗೆ ಕಾಫಿ ಇಳಿಯುವುದು. ತೋಟ ಇದ್ದ ಮನೆಗಳಲ್ಲಿ ಇಂಥ ಡೈರಿಗಳು ದಶಕಗಟ್ಟಲೆ ಹಳೆಯವು ಸಿಗುತ್ತವೆ. ಅವನ್ನು ಓದುವವರಿಲ್ಲ, ಗೆದ್ದಲು ಓದುತ್ತಿದೆ.

ಊರಿನ ಹುಡುಗ ಹುಡುಗಿಯರಿಗೆ ಪರಿಸರ ವಿಜ್ಞಾನವನ್ನೂ ಕಲೆಯನ್ನೂ ಕಲಿಸಬೇಕೆಂದು ಹೊರಟವರು ಸಾಮಾನ್ಯವಾಗಿ ಎರಡು ಶಿಬಿರ ಮಾಡುತ್ತಾರೆ. ಒಂದರಲ್ಲಿ ಗಿಡ ನೆಟ್ಟು ಫೋಟೊ, ಇನ್ನೊಂದರಲ್ಲಿ ಚಿತ್ರ ಬಿಡಿಸಿ ಪ್ರಮಾಣಪತ್ರ. ಮರುದಿನ ಎರಡೂ ಮರೆತುಹೋಗುತ್ತವೆ. ನಾವು ಊರಲ್ಲಿ ಮಾಡಿ ನೋಡಿದ್ದು ಬೇರೆ ರೀತಿ: ಮಕ್ಕಳು ವರ್ಷವಿಡೀ ಏನನ್ನು ಅಳೆಯುತ್ತಾರೋ ಅದನ್ನೇ ಬಸ್ ತಂಗುದಾಣದ ಗೋಡೆಯಲ್ಲಿ ಬರೆಯುವುದು. ಹೇಗೆಂದು ಹೇಳುತ್ತೇನೆ. ನಾವು ಎಡವಿದ ಜಾಗಗಳನ್ನೂ ಸೇರಿಸಿ.

ಗುಂಪು ಕಟ್ಟುವುದು

ಹನ್ನೆರಡರಿಂದ ಹದಿನೈದು ಮಕ್ಕಳು ಸಾಕು. ಆರನೆಯ ತರಗತಿಯಿಂದ ಮೇಲಿನವರು ಇರಲಿ. ಪಿಯು ಓದುವ ಇಬ್ಬರು ಮೂವರನ್ನು ಮುಂದಾಳುಗಳಾಗಿ ಹಿಡಿಯಿರಿ. ಎಸ್ಸೆಸ್ಸೆಲ್ಸಿಯವರು ಜನವರಿ ನಂತರ ಕೈಗೆ ಸಿಗುವುದಿಲ್ಲ, ಏಪ್ರಿಲ್–ಮೇನಲ್ಲಿ ಹಾಕಿ ನಮ್ಮೆ (ಕೊಡವ ಮನೆತನಗಳ ಹಾಕಿ ಹಬ್ಬ), ಕ್ರಿಕೆಟ್ ಕಪ್ಪು ಎಂದು ಅರ್ಧ ಗುಂಪು ಮೈದಾನದಲ್ಲಿರುತ್ತದೆ. ಹಾಗಾಗಿ ಶಾಲೆ ಶುರುವಾಗುವ ಜೂನ್‌ನಲ್ಲೇ ಆರಂಭಿಸುವುದು ಒಳ್ಳೆಯದು. ಮೊದಲ ದಿನವೇ ಮಳೆಯೂ ಸಿಗುತ್ತದೆ.

ವಾರ ಯಾವುದು ಎಂಬುದು ಸಣ್ಣ ಪ್ರಶ್ನೆಯಲ್ಲ. ನಾವು ಭಾನುವಾರ ಎಂದು ನಿಗದಿ ಮಾಡಿದ್ದೆವು. ಲೈನ್ ಮನೆಗಳ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳ ಮಕ್ಕಳು ಒಬ್ಬರೂ ಬರಲಿಲ್ಲ. ಆಸಕ್ತಿ ಇಲ್ಲ ಎಂದುಕೊಂಡೆವು. ಆಮೇಲೆ ಗೊತ್ತಾಯಿತು, ಭಾನುವಾರ ಸಂತೆ. ಗೋಣಿಕೊಪ್ಪ, ಸಿದ್ದಾಪುರದ ಕಡೆ ವಾರದ ಸಾಮಾನು ತರುವ ದಿನ ಅದು. ಅಪ್ಪ ಅಮ್ಮ ಸಂತೆಗೆ ಹೋದರೆ ತಮ್ಮ ತಂಗಿಯರನ್ನು ನೋಡಿಕೊಳ್ಳುವವರು ಇವರೇ. ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲಕ್ಕೆ ಬದಲಿಸಿದೆವು, ಬಂದರು. ಚಿಕ್ಕ ತಮ್ಮಂದಿರನ್ನು ಸೊಂಟದಲ್ಲಿ ಕೂರಿಸಿಕೊಂಡೇ ಬಂದರು. ಬರಲಿ ಬಿಡಿ. ಸಂಜೆಯ ಬಸ್ಸಿಗೆ ಮುಂಚೆ, ಆನೆ ದಾಟುವ ಹೊತ್ತಿಗೆ ಮುಂಚೆ ಎಲ್ಲರೂ ಮನೆ ಸೇರುವಂತೆ ನಾಲ್ಕೂವರೆಗೆ ಮುಗಿಸಿ.

ಜಾಗಕ್ಕೆ ಗ್ರಾಮ ಪಂಚಾಯಿತಿ ಗ್ರಂಥಾಲಯವನ್ನು, ಅಂದರೆ ಈಗಿನ ಅರಿವು ಕೇಂದ್ರವನ್ನು ಕೇಳಿ. ಪಿಡಿಒ ಅವರಿಗೆ ಕೊಡುವ ಅರ್ಜಿಯಲ್ಲೇ ಬಸ್ ತಂಗುದಾಣದ ಒಳಗೋಡೆ ಬಳಸಲು ಅನುಮತಿಯನ್ನೂ ಬರೆದುಬಿಡಿ. ತಂಗುದಾಣವನ್ನು ಯಾರಾದರೂ ಹಿರಿಯರ ನೆನಪಿಗೆ ಕಟ್ಟಿಸಿಕೊಟ್ಟಿದ್ದರೆ ಆ ಮನೆಯವರನ್ನೂ ಕೇಳಬೇಕು. ಅಮೃತಶಿಲೆಯ ಫಲಕದ ಮೇಲೆ ಬಣ್ಣ ಸಿಡಿದರೆ ಊರಲ್ಲಿ ಮೂರು ತಲೆಮಾರು ಮಾತಿರುವುದಿಲ್ಲ.

ಭಾಷೆಯ ಬಗ್ಗೆ ಒಂದು ಮಾತು. ನಮ್ಮ ಗುಂಪಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳು, ಎರವ ಬುಡಕಟ್ಟಿನ ಭಾಷೆ ಎಲ್ಲ ಇವೆ. ಮಾತುಕತೆ ಕನ್ನಡದಲ್ಲಿ. ಆದರೆ ಮರ, ಹಕ್ಕಿ, ಹುಳದ ಹೆಸರನ್ನು ಪ್ರತಿ ಮಗುವೂ ತನ್ನ ಮನೆಯ ಮಾತಿನಲ್ಲಿ ಬರೆಯಲಿ. ಮೊದಲ ತಿಂಗಳು ಬಾಯಿ ಬಿಡದಿದ್ದ ಎರವರ ಹುಡುಗಿಯೊಬ್ಬಳು ಸೊಪ್ಪುಗಳ ಹೆಸರು ಹೇಳಲು ಶುರು ಮಾಡಿದಾಗ ಉಳಿದವರ ಪುಸ್ತಕದಲ್ಲಿ ಪುಟ ಸಾಲಲಿಲ್ಲ.

ಮಳೆಮಾಪಕ

ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಮೈ ನೇರವಾಗಿರಬೇಕು, ನಡುವೆ ಸೊಂಟ ಇರುವ ಬಾಟಲಿ ಬೇಡ. ಕುತ್ತಿಗೆ ಬಾಗಲು ಶುರುವಾಗುವಲ್ಲಿ ಕತ್ತರಿಸಿ, ಆ ಮೇಲ್ಭಾಗವನ್ನು ತಲೆಕೆಳಗಾಗಿ ಅದೇ ಬಾಟಲಿಗೆ ಆಲಿಕೆಯಂತೆ ಕೂರಿಸಿ. ಅಂಚಿಗೆ ಟೇಪ್ ಸುತ್ತಿ. ತಳ ಉಬ್ಬುತಗ್ಗು ಇರುವುದರಿಂದ ಸಣ್ಣ ಕಲ್ಲು ಹಾಕಿ, ನೇರ ಮೈ ಶುರುವಾಗುವವರೆಗೆ ನೀರು ತುಂಬಿ. ಆ ನೀರಿನ ಮಟ್ಟವೇ ಸೊನ್ನೆ. ಅಲ್ಲಿಂದ ಮೇಲಕ್ಕೆ ಸ್ಕೇಲ್ ಅಂಟಿಸಿ. ಪ್ರತಿ ಸಲ ಖಾಲಿ ಮಾಡುವಾಗ ನೀರು ಸೊನ್ನೆಗೇ ನಿಲ್ಲಬೇಕು.

ಇಲ್ಲಿ ಮಕ್ಕಳು ಕೇಳುವ ಪ್ರಶ್ನೆ ಒಂದಿದೆ. ದೊಡ್ಡ ಬಕೆಟ್ ಇಟ್ಟರೆ ಹೆಚ್ಚು ಮಳೆ ಬರುವುದಿಲ್ಲವೇ? ಹೆಚ್ಚು ನೀರು ಬರುತ್ತದೆ, ಆದರೆ ಅದು ಅಗಲಕ್ಕೆ ಹರಡುತ್ತದೆ. ಮೈ ನೇರವಾಗಿದ್ದರೆ ಎತ್ತರ ಒಂದೇ. ಇದನ್ನು ಬಾಯಲ್ಲಿ ಹೇಳಬೇಡಿ. ಸಾರಿನ ಡಬರಿಯನ್ನೂ ಬಾಟಲಿಯನ್ನೂ ಅಕ್ಕಪಕ್ಕ ಮಳೆಗೆ ಇಟ್ಟು ಅಳೆಯಲು ಬಿಡಿ. ಬಾಟಲಿಯ ಬಾಯಿಗಿಂತ ದೊಡ್ಡ ಆಲಿಕೆ ಕೂರಿಸಿದರೆ ಮಾತ್ರ ಲೆಕ್ಕ ಕೆಡುತ್ತದೆ. ತೋಟದ ಮನೆಯಿಂದ ಹಳೆಯ ರೇನ್ ಗೇಜ್ ದಾನ ಸಿಕ್ಕಿದರೂ ಅಷ್ಟೇ, ಅದರ ಜೊತೆಗಿನ ಅಳತೆಯ ಗಾಜನ್ನೂ ಕೇಳಿ ತನ್ನಿ. ಬೇರೆ ಗೇಜಿನ ಗಾಜು ಹಾಕಿದರೆ ಓದುವ ಅಂಕಿ ಸುಳ್ಳು.

ಮಾಪಕವನ್ನು ತೆರೆದ ಜಾಗದಲ್ಲಿಡಿ. ಪಕ್ಕದ ಮರ ಅಥವಾ ಮನೆಯ ಮಾಡು ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಬೇಕು. ಬಾಯಿ ನೆಲದಿಂದ ಒಂದು ಅಡಿ ಮೇಲಿದ್ದರೆ ಮಣ್ಣುನೀರು ಸಿಡಿಯುವುದಿಲ್ಲ. ದಿನಾ ಬೆಳಿಗ್ಗೆ ಎಂಟೂವರೆಗೆ ಓದುವುದು, ಹವಾಮಾನ ಇಲಾಖೆ ಓದುವ ಹೊತ್ತು ಅದೇ. ಒಂದು ಇಂಚು ಎಂದರೆ 25.4 ಮಿಲಿಮೀಟರ್, ಇಂಚಿನ ನೂರನೇ ಒಂದು ಪಾಲು ಸೆಂಟ್. ಎರಡೂ ಕಾಲಂ ಇರಲಿ: ಮಿಲಿಮೀಟರ್ ಶಾಲೆಗೆ, ಇಂಚು ಅಜ್ಜನಿಗೆ. ಬಾಟಲಿ ಆರೇಳು ಇಂಚಿಗೆ ತುಂಬಿಬಿಡುತ್ತದೆ. ಭಾಗಮಂಡಲದ ಕಡೆಯವರಿಗೆ ಜುಲೈ, ಆಗಸ್ಟಿನಲ್ಲಿ ಇದು ಸಾಲದು, ಸಂಜೆಯೂ ಒಮ್ಮೆ ಓದಿ ಖಾಲಿ ಮಾಡಿ ಎರಡನ್ನೂ ಕೂಡಿಸಬೇಕು. ಕುಶಾಲನಗರದವರಿಗೆ ಆ ಚಿಂತೆ ಕಡಿಮೆ.

ಓದುವ ಸರದಿಯನ್ನು ಮಾಪಕಕ್ಕೆ ಹತ್ತಿರದ ಮೂರು ಮನೆಗಳ ಮಕ್ಕಳಿಗೆ ಮಾತ್ರ ಹಂಚಿ. ಎಲ್ಲರಿಗೂ ಸರದಿ ಎಂಬ ಸಮಾನತೆ ಇಲ್ಲಿ ನಡೆಯಲ್ಲ, ಮಂಗಳವಾರದ ಮಳೆಯನ್ನು ಗುರುವಾರ ಊಹಿಸಿ ಬರೆಯುತ್ತಾರೆ. ಓದದ ದಿನ ಖಾಲಿ ಬಿಡುವುದೇ ಸರಿ, ಸೊನ್ನೆ ಹಾಕಬಾರದು. ‘ಮಳೆ ಬರಲಿಲ್ಲ’ ಮತ್ತು ‘ನಾನು ನೋಡಲಿಲ್ಲ’ ಇವೆರಡರ ವ್ಯತ್ಯಾಸ ಹನ್ನೆರಡು ವರ್ಷದ ಹುಡುಗನಿಗೆ ಹೊಳೆದ ದಿನ ನನಗೆ ಸಂಬಳ ಬಂದಷ್ಟು ಖುಷಿಯಾಯಿತು. ತಿಂಗಳಿಗೊಮ್ಮೆ ಯಾರಾದರೂ ಅಜ್ಜನನ್ನು ಡೈರಿ ಸಮೇತ ಕರೆಸಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದೆ, ಆ ಅಂಕಿಯ ಜೊತೆಗೂ ಹೋಲಿಸಿ. ಹೊಂದದಿದ್ದರೆ ಯಾರು ತಪ್ಪು ಎಂಬ ಜಗಳ ಶುರುವಾಗುತ್ತದೆ. ಆಗಲಿ. ಕೊಡಗಿನಲ್ಲಿ ಒಂದು ಗುಡ್ಡ ದಾಟಿದರೆ ಮಳೆ ಬೇರೆ.

2018ರ ಆಗಸ್ಟಿನಲ್ಲಿ ಗುಡ್ಡ ಜರಿದ ಜೋಡುಪಾಲ, ಮಕ್ಕಂದೂರು ಕಡೆಯ ಊರುಗಳಲ್ಲಿ ಈ ಕೆಲಸ ಮಾಡುವವರು ನಿಧಾನವಾಗಿ ಹೆಜ್ಜೆ ಇಡಬೇಕು. ‘ಭೂಕುಸಿತದ ಚಿತ್ರ ಬಿಡಿಸಿ’ ಎಂದು ಮಕ್ಕಳಿಗೆ ಹೇಳಲೇಬೇಡಿ. ಯಾರ ಮನೆಯಲ್ಲಿ ಏನಾಗಿದೆ ಎಂದು ನಮಗೆ ಗೊತ್ತಿರುವುದಿಲ್ಲ. ಬದಲಿಗೆ ಪುಸ್ತಕದಲ್ಲಿ ಇನ್ನೊಂದು ಕಾಲಂ ಎಳೆದು, ಹಿಂದಿನ ಮೂರು ದಿನದ ಒಟ್ಟು ಮಳೆ ಬರೆಸಿ. ಒಂದು ದಿನದ ಜಡಿಮಳೆಗಿಂತ ಬಿಡದೆ ಸುರಿದ ಮಳೆ ಕಡಿದ ಇಳಿಜಾರಿನ ಒಳಗೆ ನೀರು ತುಂಬಿಸುತ್ತದೆ ಎಂಬುದು ಆ ಅಂಕಿ ಏರುವುದನ್ನು ನೋಡುವಾಗ ತಾನಾಗಿಯೇ ಅರ್ಥವಾಗುತ್ತದೆ.

ತೋಡು, ಸೊಪ್ಪು, ಮರ

ಮಳೆಗಾಲದಲ್ಲಿ ತೋಡಿನ (ಸಣ್ಣ ಹಳ್ಳದ) ಹತ್ತಿರ ಮಕ್ಕಳನ್ನು ಕರೆದೊಯ್ಯುವಂತಿಲ್ಲ, ಈ ಮಾತಿಗೆ ರಿಯಾಯಿತಿ ಇಲ್ಲ. ತುಲಾ ಸಂಕ್ರಮಣ ಕಳೆದ ಮೇಲೆ ನೀರು ತಿಳಿಯಾದಾಗ ಹೋಗಿ, ಮೊಣಕಾಲಿಗಿಂತ ಕೆಳಗಿನ ನೀರಿನಲ್ಲಿ ಕಲ್ಲು ಮಗುಚಿ ನೋಡಿ. ಮೂರು ಬಾಲದ ಮರಿಹುಳ, ಮರಳು ಅಂಟಿಸಿಕೊಂಡು ಗೂಡು ಕಟ್ಟಿದ ಹುಳ ಕಂಡರೆ ನೀರು ಚೆನ್ನಾಗಿದೆ. ಬರೀ ಕೆಂಪು ದಾರದಂಥ ಹುಳ ಇದ್ದರೆ ನೀರಿನಲ್ಲಿ ಉಸಿರು ಕಡಿಮೆಯಾಗಿದೆ. ನೋಡಿದ ಮೇಲೆ ಕಲ್ಲನ್ನು ಮೊದಲಿದ್ದಂತೆಯೇ ಇಡಬೇಕು.

ಹುಳಿ ಪರೀಕ್ಷೆಗೆ ಕೆಂಪು ದಾಸವಾಳ ಸಾಕು. ಎಸಳುಗಳನ್ನು ಬಿಸಿನೀರಲ್ಲಿ ಹಾಕಿ ಬಣ್ಣ ಬಿಟ್ಟ ಮೇಲೆ ಸೋಸಿ, ಸೋಸುಕಾಗದದ ಪಟ್ಟಿಗಳನ್ನು ಅದ್ದಿ ನೆರಳಲ್ಲಿ ಒಣಗಿಸಿ. ಹುಳಿಗೆ ಗುಲಾಬಿ, ಸುಣ್ಣದ ನೀರಿಗೆ ಹಸಿರು. ಡಿಸೆಂಬರ್ ನಂತರ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಓಡುವಾಗ ಕಾಫಿ ತೊಳೆದ ನೀರು ಹುಳಿಯಾಗಿರುತ್ತದೆ, ತೋಡಿಗೆ ಬಿಟ್ಟರೆ ಪಟ್ಟಿ ಹೇಳಿಬಿಡುತ್ತದೆ. ಹೇಳಿತು ಎಂದು ತೋಟದ ಹೆಸರನ್ನು ಗೋಡೆಗೆ ಬರೆಯಬೇಡಿ. ಮೊದಲು ಮಾಲೀಕರ ಮನೆಗೆ ಹೋಗಿ ಪಟ್ಟಿ ತೋರಿಸಿ ಮಾತಾಡಿ. ನಿಮ್ಮ ಬಣ್ಣದ ಖರ್ಚು ಕೊಡುವವರು ಅವರೇ ಆಗಿರುವ ಸಾಧ್ಯತೆಯೂ ಇದೆ!

ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ ಬಂದಾಗ, ಅಂದರೆ ಆಗಸ್ಟ್ 3ರಂದು, ಆ ದಿನ ತಿನ್ನುವ ಮದ್ದು ಸೊಪ್ಪಿನ ರಸವನ್ನು ಮೂರು ಲೋಟಕ್ಕೆ ಹಾಕಿ. ಒಂದಕ್ಕೆ ನಿಂಬೆಹುಳಿ, ಒಂದಕ್ಕೆ ಅಡುಗೆ ಸೋಡಾ, ಒಂದು ಹಾಗೆಯೇ. ಏನಾಗುತ್ತದೆ ಎಂದು ಮೊದಲೇ ಹೇಳದೆ ಬರೆಸಿ. ಆ ಸೊಪ್ಪಿನ ಪಾಯಸ ತಿಂದ ಮರುದಿನದ ಮೂತ್ರದ ಬಣ್ಣದ ಬಗ್ಗೆ ಮಕ್ಕಳು ಕಿಸಿಕಿಸಿ ನಗುತ್ತಾರೆ. ಅದೂ ವಿಜ್ಞಾನವೇ, ಬರೆದುಕೊಳ್ಳಲಿ.

ಮರದ ಕೆಲಸ ಸುಲಭ. ಒಬ್ಬೊಬ್ಬರಿಗೂ ಒಂದು ಮರ: ನಂದಿ, ಹೊನ್ನೆ, ಬೀಟೆ, ಅತ್ತಿ, ಹಲಸು. ವಾರಕ್ಕೊಮ್ಮೆ ಚಿಗುರು, ಹೂ, ಕಾಯಿ, ಬಂದ ಹಕ್ಕಿ ಬರೆದರೆ ಆಯಿತು. ಹೊರದೇಶದಿಂದ ಬಂದ ಸಿಲ್ವರ್ ಓಕ್‌ಗೂ ಒಬ್ಬರನ್ನು ಹಚ್ಚಿ, ಹೋಲಿಸಲು ಬೇಕು. ಗುರುತು ಸಿಗದ ಮರಕ್ಕೆ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ, ಕಾಫಿಯ ಪ್ರಶ್ನೆಗಳಿಗೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ ಇವೆ. ದೇವರಕಾಡಿನ ಮರವನ್ನು ಆರಿಸಿಕೊಂಡರೆ ತಕ್ಕರನ್ನು (ಊರಿನ, ದೇವಸ್ಥಾನದ ಮುಖ್ಯಸ್ಥರನ್ನು) ಕೇಳಿಯೇ ಒಳಗೆ ಕಾಲಿಡಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲೆ ಇಡಬೇಕು. ಮಕ್ಕಳ ಪುಸ್ತಕದ ಒಂದು ಪ್ರತಿ ಅಲ್ಲಿಗೆ ಸೇರಲಿ. ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೂ ಇಂಥ ಊರಿನ ಅಂಕಿಗಳೇ ಬೇಕಾಗುವುದು.

ಬಣ್ಣ ಮತ್ತು ಗೋಡೆ

ಮೊದಲ ವರ್ಷ ನಾವು ಮೇ ತಿಂಗಳಲ್ಲಿ ಹೊರಗೋಡೆಗೆ ಮೈದಾ ಅಂಟು ಕಲಸಿದ ಬಣ್ಣ ಬಳಿದೆವು. ಎಲ್ಲರೂ ಹೊಗಳಿದರು. ಜೂನ್ ಎರಡನೇ ವಾರಕ್ಕೆ ಅರ್ಧ ತೊಳೆದುಹೋಯಿತು, ಉಳಿದರ್ಧಕ್ಕೆ ಬೂಸ್ಟು ಬಂತು. ಕೊಡಗಿನಲ್ಲಿ ಗೋಡೆಯ ಕೆಲಸ ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಮುಗಿಯಬೇಕು, ಒಳಗೋಡೆಯಲ್ಲೇ ಆಗಬೇಕು, ಕೆಳಗಿನ ಒಂದೂವರೆ ಅಡಿ ಬಿಡಬೇಕು.

ರಸ್ತೆಗಾಗಿ ಗುಡ್ಡ ಕಡಿದ ಬರೆಗಳಲ್ಲಿ (ಮಣ್ಣಿನ ದಿಣ್ಣೆಗಳಲ್ಲಿ) ಕೆಂಪು, ಹಳದಿ, ಕಂದು, ಬೂದು ಮಣ್ಣು ಸಿಗುತ್ತದೆ. ಬುಡ ಕೆರೆಯದೆ ಉದುರಿದ್ದನ್ನು ಮಾತ್ರ ತನ್ನಿ. ಒಣಗಿಸಿ ಕುಟ್ಟಿ, ನೀರಲ್ಲಿ ಕದಡಿ, ಹಳೆಯ ಪಂಚೆಯಲ್ಲಿ ಸೋಸಿ, ಒಂದು ರಾತ್ರಿ ಇಡಿ. ಮೇಲಿನ ನೀರು ಚೆಲ್ಲಿದರೆ ಕೆಳಗೆ ಉಳಿಯುವ ನುಣುಪು ಮಣ್ಣೇ ಬಣ್ಣ. ಸೋಸುವ ಮೊದಲು ಅದೇ ಮಣ್ಣನ್ನು ಒಂದು ಗಾಜಿನ ಬಾಟಲಿಯಲ್ಲೂ ಕದಡಿ ಇಡಿ, ಕೆಳಗೆ ಮರಳು, ನಡುವೆ ಗೋಡು, ಮೇಲೆ ಜೇಡಿ ಪದರ ಪದರವಾಗಿ ಕೂರುವುದು ಕಾಣುತ್ತದೆ. ಎರಡು ಪಾಲು ಮಣ್ಣಿಗೆ ಒಂದು ಪಾಲು ಫೆವಿಕಾಲ್, ನೀರ್ ದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ. ಫೆವಿಕಾಲ್ ಪರಿಸರಸ್ನೇಹಿ ಅಲ್ಲ ಎಂದು ಯಾರಾದರೂ ಮೂಗು ಮುರಿದರೆ ನಮ್ಮ ಬೂಸ್ಟು ಹಿಡಿದ ಗೋಡೆಯ ಫೋಟೊ ತೋರಿಸುತ್ತೇನೆ. ಕಪ್ಪಿಗೆ ನುಣ್ಣಗೆ ಅರೆದ ಇದ್ದಿಲು, ಬಿಳಿಗೆ ಸುಣ್ಣ, ನೀಲಿಗೆ ಸುಣ್ಣಕ್ಕೆ ಬೆರೆಸುವ ನೀಲಿ ಪುಡಿ. ಸುಣ್ಣ ಕಣ್ಣಿಗೆ ಬಿದ್ದರೆ ಸುಡುತ್ತದೆ, ಅದನ್ನು ದೊಡ್ಡವರೇ ಕಲಸಬೇಕು. ಅರಿಶಿನ ಬೇಡ, ಬಿಸಿಲಿಗೆ ಮಾಸುತ್ತದೆ.

ಚಿತ್ರವನ್ನು ಮೊದಲು ಗ್ರಾಫ್ ಹಾಳೆಯಲ್ಲಿ ಬರೆಸಿ. ಹಾಳೆಯ ಒಂದು ಚೌಕ ಗೋಡೆಯಲ್ಲಿ ಒಂದು ಗೇಣು. ಇಲ್ಲಿ ದಸರಾ ಮಂಟಪ ಕಟ್ಟುವ ಹುಡುಗರನ್ನು ಕರೆಯಿರಿ. ಮಡಿಕೇರಿಯ ದಶಮಂಟಪಗಳಿಗೆ ಆಳೆತ್ತರದ ರಾಕ್ಷಸರನ್ನು ಎಬ್ಬಿಸಿ ಕುಣಿಸುವವರಿಗೆ ಅಳತೆ ಹಿಗ್ಗಿಸುವುದು, ಸಾರುವೆ ಕಟ್ಟುವುದು ಕೈಗೆ ಬಂದ ವಿದ್ಯೆ. ಕಲೆ ಬೇರೆ ಯಂತ್ರ ಬೇರೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಗೋಡೆಯ ನಡುವೆ ಹನ್ನೆರಡು ತಿಂಗಳಿಗೆ ಹನ್ನೆರಡು ನೀಲಿ ಕಂಬ. ಒಂದು ಇಂಚು ಮಳೆಗೆ ಎರಡು ಸೆಂಟಿಮೀಟರ್ ಎತ್ತರ, ಐವತ್ತು ಇಂಚು ಬಿದ್ದ ತಿಂಗಳು ಒಂದು ಮೀಟರ್ ಆಗುತ್ತದೆ. ಮಳೆ ಕಡಿಮೆ ಇರುವ ಕಡೆ ಇಂಚಿಗೆ ಐದು ಸೆಂಟಿಮೀಟರ್ ಇಡಿ. ಕಂಬದ ಸುತ್ತ ಆ ತಿಂಗಳು ಮಕ್ಕಳು ಕಂಡದ್ದು: ಜುಲೈಗೆ ಜಿಗಣೆ, ಮಾರ್ಚ್‌ಗೆ ಹೂಮಳೆ ಬಿದ್ದು ಅರಳಿದ ಕಾಫಿ, ತೋಡಿನ ಮೂರು ಬಾಲದ ಹುಳ. ಪುಸ್ತಕದಲ್ಲಿ ಇಲ್ಲದ್ದನ್ನು ಗೋಡೆಗೆ ಬರೆಯುವಂತಿಲ್ಲ ಎಂಬ ನಿಯಮ ಮಾಡಿದ್ದೆವು. ಹಾಗಾಗಿ ನಮ್ಮ ಗೋಡೆಯಲ್ಲಿ ಹುಲಿ ಇಲ್ಲ. ಹುಡುಗರು ಬಹಳ ಬೇಡಿಕೊಂಡರು.

ಗೋಡೆ ತೋರಿಸುವ ದಿನ ಸಣ್ಣ ಕಾರ್ಯಕ್ರಮ ಇಟ್ಟುಕೊಳ್ಳಬಹುದು. ದುಡಿ ಬಾರಿಸಲು ಬಲ್ಲ ಮಕ್ಕಳಿಗೆ ಮಳೆಯ ಅಂಕಿ ಕೊಟ್ಟು, ಇಂಚಿಗೊಂದು ಪೆಟ್ಟಿನಂತೆ ಜೂನ್‌ನಿಂದ ಮೇವರೆಗೆ ಬಾರಿಸಲು ಹೇಳಿ. ಜುಲೈ ಬಂದಾಗ ಕೈ ಸೋಲುತ್ತದೆ, ಜನವರಿಗೆ ಬರುವಾಗ ಮೌನ. ಭಾಷಣಕ್ಕಿಂತ ಅದು ಚೆನ್ನಾಗಿ ಕೇಳಿಸುತ್ತದೆ. ಆದರೆ ಹಾಡಿಯ (ಬುಡಕಟ್ಟು ಜನರ ಕೇರಿಯ) ಮಕ್ಕಳಿಗೆ ಎಲೆ ಕಟ್ಟಿಸಿ ಅತಿಥಿಗಳ ಮುಂದೆ ಕುಣಿಸುವ ಚಾಳಿ ಬೇಡ. ಅವರು ಹಾಡಿದರೆ ತಮಗೆ ಬೇಕಾದ್ದನ್ನು, ತಮ್ಮ ಅಂಗಿಯಲ್ಲಿ ಹಾಡಲಿ.

ಕಂಬದ ಅಗಲದ ವಿಷಯ ಬಿಟ್ಟುಹೋಯಿತು. ಉತ್ಸಾಹದಲ್ಲಿ ನಾವು ಒಂದೊಂದು ತಿಂಗಳಿಗೂ ಗೇಣಗಲ ಬಳಿದು ಗೋಡೆ ತುಂಬಿಸಿದ್ದೆವು. ಮುಂದಿನ ಜೂನ್‌ಗೆ ಬರೆಯಲು ಜಾಗವೇ ಇರಲಿಲ್ಲ, ಸುಣ್ಣ ಹೊಡೆದು ಹೊಸದಾಗಿ ಶುರುಮಾಡಬೇಕಾಯಿತು. ನೀವು ಮೂರು ಬೆರಳಗಲ ಎಳೆಯಿರಿ, ಪಕ್ಕದಲ್ಲಿ ಇನ್ನೆರಡು ವರ್ಷದ ಕಂಬಗಳಿಗೆ ಜಾಗ ಬಿಡಿ.